ಹನ್ನೊಂದನೆಯ ಚೌಕ

ಗುಲಬರ್ಗಾದಲ್ಲಿ ಹತ್ತು ದಿನದ ತರಬೇತಿ ಮುಗಿಸಿಕೊಂಡು ಪಂಪಣ್ಣ ಮಾಸ್ತರು ಮಸ್ಕಿಯಲ್ಲಿ ಬಸ್ಸಿಳಿದಾಗ ಅವರ ಕೈಚೀಲದಲ್ಲಿ ಎರಡು ಧೋತರ, ಪೂಜೆಯ ಸಾಮಾನು ಮತ್ತು ಸೈಕ್ಲೋಸ್ಟೈಲ್ ಮಾಡಿದ ಮೂವತ್ತು ಹಾಳೆಗಳಿದ್ದವು. ಅದು ಎಂಬತ್ತೆಂಟನೆಯ ಇಸವಿಯ ಜೂನ್ ತಿಂಗಳು. ಅವರ ಹೆಂಡತಿ ಶೇಖಮ್ಮ ಕಾಮಾಲೆಯಾಗಿ ತೀರಿಕೊಂಡು ಎರಡೂವರೆ ತಿಂಗಳಾಗಿತ್ತು. ಅವರಿಗೆ ಮಕ್ಕಳಿರಲಿಲ್ಲ.

ಪಂಪಣ್ಣನವರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವರು. ಕಂಪ್ಯೂಟರಿನ ತರಬೇತಿಗೆ ಹೋಗಬೇಕಾದವರು ವಿಜ್ಞಾನದ ಮಾಸ್ತರು. ಅವರು ವರ್ಗವಾಗಿ ಹೋಗಿದ್ದರು. ದೆಹಲಿಯಿಂದ ಬಂದ ಎರಡು ಕಂಪ್ಯೂಟರುಗಳು ಒಂದು ವರ್ಷದಿಂದ ಗೋಣಿಚೀಲ ಹೊದ್ದುಕೊಂಡು ಕೂತಿದ್ದವು. ಹೆಡ್‌ಮಾಸ್ತರ ತಾಯಪ್ಪನವರು ಪಂಪಣ್ಣನವರನ್ನು ಕರೆದು, "ಮನ್ಯಾಗ ಒಬ್ರ ಕುಂತು ಗ್ವಾಡಿ ನೋಡೋದಕಿಂತ ಆ ಪೆಟಿಗಿ ನೋಡ್ರಿ. ಅದೂ ಮಾತಾಡಂಗಿಲ್ಲ, ಆದ್ರ ಬಣ್ಣರ ತೋರಸ್ತದ" ಎಂದಿದ್ದರು. ಮಾತು ಒರಟು. ಆದರೆ ಆ ಮಾತಿನಲ್ಲಿ ಕಾಳಜಿ ಇತ್ತೆಂದು ಪಂಪಣ್ಣನವರಿಗೆ ಗೊತ್ತಿತ್ತು.

ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ಮಕ್ಕಳು ಇಂಗ್ಲಿಷಿನಲ್ಲಿ ತಮ್ಮ ಹೆಸರು ಒತ್ತಿ, ಅದು ಪರದೆಯ ಮೇಲೆ ಮೂಡಿದ್ದನ್ನು ನೋಡಿ ಒಂದು ವಾರ ನಕ್ಕರು. ಎರಡನೆಯ ವಾರ ಆಕಳಿಸಿದರು. ಪಂಪಣ್ಣನವರು ಮೂವತ್ತು ಹಾಳೆಗಳನ್ನು ತಿರುಗಿ ತಿರುಗಿ ಓದಿದರು. ಹದಿನೇಳನೆಯ ಹಾಳೆಯಲ್ಲಿ ಚಿಕ್ಕದೊಂದು ಪ್ರೋಗ್ರಾಂ ಇತ್ತು. ಅದನ್ನು ಟೈಪ್ ಮಾಡಿ ಅಂಕಿಗಳನ್ನು ಒಂದರ ಹಿಂದೆ ಒಂದು ಕೊಟ್ಟರೆ ಯಂತ್ರ ಒಂದೊಂದು ಅಂಕಿಗೆ ಒಂದೊಂದು ಬಣ್ಣದ ಚೌಕ ಇಡುತ್ತಿತ್ತು. ಸೊನ್ನೆ ಎಂದರೆ ಕಪ್ಪು, ಒಂದು ಎಂದರೆ ಕೆಂಪು, ಎರಡಕ್ಕೆ ಹಸಿರು. ಏಳಕ್ಕೆ ಬಿಳಿ.

ಅವರಿಗೆ ಒಂದು ಯೋಚನೆ ಬಂತು. ಯಂತ್ರ ಚಿತ್ರ ತೋರಿಸಲಿ, ಮಾತನ್ನು ಮಕ್ಕಳು ಆಡಲಿ. ಒಂದು ಚಿತ್ರ ಮುಗಿದರೆ ಇನ್ನೊಂದು. ಪಕ್ಕದಲ್ಲಿ ನಿಂತ ಹುಡುಗಿಯೋ ಹುಡುಗನೋ ತನ್ನ ಬಾಯಿಂದ ಕಥೆ ಹೇಳಬೇಕು. ಅದಕ್ಕೆ ಕನ್ನಡ ಬರುವ ಯಂತ್ರ ಬೇಕಾಗಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಇದನ್ನು ಹೇಳಿ ಹಲಗೆಯ ಮೇಲೆ ಇಪ್ಪತ್ತು ಸಾಲು, ಸಾಲಿಗೆ ಇಪ್ಪತ್ತು ಮನೆ ಗೆರೆ ಹಾಕಿದರು. ಯಾರಿಗೂ ತಿಳಿಯಲಿಲ್ಲ. ಎರಡನೆಯ ಬೆಂಚಿನ ಹಸೀನಾಬೀ ಮಾತ್ರ ಎದ್ದು ನಿಂತಳು. ಅವಳು ಸೈಕಲ್ ರಿಪೇರಿಯ ಇಸ್ಮಾಯಿಲ್‌ಸಾಬನ ಮಗಳು, ಪಂಪಣ್ಣನವರ ಓಣಿಯವಳು.

"ಸರ್, ಇದು ಮಣಿ ಕೆಲಸ ಐತ್ರಿ."

"ಹೆಂಗ?"

"ತೋರಣಕ್ಕ ಮಣಿ ಪೋಣಸ್ತೀವಲ್ರಿ. ಸಾಲಿಗಿ ಇಪ್ಪತ್ತು. ಬಿಳಿ ಎಷ್ಟು, ಹಸರ ಎಷ್ಟು ಎಣಿಸ್ಕೋತ ಹೋದ್ರ ಗಿಳಿ ಆಕ್ಕೈತಿ. ಅಮ್ಮಾರು ನನಗ ಹಿಂಗ ಕಲಿಸ್ಯಾರ."

ಅಮ್ಮಾರು ಎಂದರೆ ಶೇಖಮ್ಮ. ಓಣಿಯ ಹುಡುಗಿಯರು ಮಧ್ಯಾಹ್ನ ಬಂದು ಅವಳ ಪಡಸಾಲೆಯಲ್ಲಿ ಕೂತು ಬಾಗಿಲಿಗೆ ಕಟ್ಟುವ ಮಣಿಯ ತೋರಣ ಹಾಕುವುದನ್ನು ಕಲಿಯುತ್ತಿದ್ದರು. ಆ ಹೊತ್ತಿನಲ್ಲಿ ಪಂಪಣ್ಣನವರು ಶಾಲೆಯಲ್ಲಿರುತ್ತಿದ್ದರು.

"ಅಮ್ಮಾರು ಮಣಿ ಕಲಿಸೋವಾಗ ಒಂದು ಕಥಿ ಹೇಳತಿದ್ರು ಸರ್. ಒಂದು ಚೌಕಕ್ಕ ಒಂದು ತುಣುಕು. ಚೌಕ ಮುಗಿಯೂತನ ಮುಂದಿಂದು ಹೇಳತಿದ್ದಿಲ್ಲ. ಅವರು ಬರದುಕೊಟ್ಟ ಚೌಕದ ಹಾಳಿ ನನ್ನ ಹತ್ರ ಹತ್ತು ಅದಾವ. ಅದನ್ನ ಹಾಕಲೇನ್ರಿ ಪೆಟಿಗ್ಯಾಗ?"

ಪಂಪಣ್ಣನವರು ಹಲಗೆಯ ಕಡೆ ತಿರುಗಿ, ಆಗಲೇ ಹಾಕಿದ್ದ ಗೆರೆಯ ಮೇಲೆ ಇನ್ನೊಮ್ಮೆ ಗೆರೆ ಎಳೆದರು. ಮೂವತ್ತೊಂದು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ್ದರು. ಶೇಖಮ್ಮ ಕಥೆ ಹೇಳುತ್ತಿದ್ದಳೆಂಬುದು ಅವರಿಗೆ ಗೊತ್ತಿರಲಿಲ್ಲ.

"ಹಾಕು" ಎಂದರು.

ಅಂದಿನಿಂದ ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಎರಡು ತಾಸು ಕೆಲಸ ನಡೆಯಿತು. ಹಸೀನಾಬೀ ಹಾಳೆ ನೋಡಿ ಎಣಿಸಿ ಹೇಳುವಳು. ಅವಳ ಗೆಳತಿ ಯಮನಮ್ಮ ಅಂಕಿ ಒತ್ತುವಳು. ಯಮನಮ್ಮನ ಬಾಯಿ ಬೆರಳಿಗಿಂತ ಚುರುಕು.

"ಬಿಳಿ ಇಪ್ಪತ್ತು."

"ಮ್ಯಾಲಿನ ಸಾಲು ಯಾವಾಗ್ಲೂ ಬಿಳಿ ಇಪ್ಪತ್ತ ಅಲಾ, ಮತ್ತ ಮತ್ತ ಯಾಕ ಹೇಳ್ತಿ?"

"ಹೇಳಬೇಕಬೇ. ಅಮ್ಮಾರು ಎಣಿಕಿ ಬಿಡಬ್ಯಾಡ ಅಂತಿದ್ರು. ಬಿಳಿ ಏಳು, ಹಸರ ನಾಕು…"

"ನಿಮ್ಮ ಅಪ್ಪ ಪಂಕ್ಚರ್ ಎಣಿಸಿದಂಗ ಎಣಸ್ತಿ ನೋಡು."

ಪಂಪಣ್ಣನವರು ಕಿಟಕಿಯ ಹತ್ತಿರ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು, ಅಥವಾ ತಿದ್ದುವವರಂತೆ ಕೂತಿರುತ್ತಿದ್ದರು. ಇಪ್ಪತ್ತು ಸಾಲು ಮುಗಿದು ಚಿತ್ರ ಮೂಡಿದ ಮೇಲೆ ಹಸೀನಾಬೀ ಕಥೆಯ ತುಣುಕು ಹೇಳುವಳು. ಆಗ ಅವರು ಕನ್ನಡಕ ತೆಗೆದು ಕೇಳುವರು.

ಕಥೆ ಸಣ್ಣದು. ಹುಣಸೆ ಮರದ ಪೊಟರೆಯಲ್ಲಿ ಒಂದು ಗಂಡು ಗಿಳಿ, ಒಂದು ಹೆಣ್ಣು ಗಿಳಿ. ಹೆಣ್ಣು ಗಿಳಿ ದಿನಾ ಮಧ್ಯಾಹ್ನ ಎತ್ತಲೋ ಹಾರಿಹೋಗಿ ಸಂಜೆಗೆ ಒಂದು ಗುಲಗಂಜಿ ತಂದು ಪೊಟರೆಯಲ್ಲಿ ಇಡುತ್ತದೆ. ಗಂಡು ಗಿಳಿ ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದಿಲ್ಲ. ಅಳಿಲು ಬಂದು, "ನಿನ್ನ ಹೆಂಡತಿ ಎಲ್ಲಿಗೆ ಹೋಗ್ತಾಳೋ?" ಎಂದರೆ, "ತಿರುಗಿ ಬರ್ತಾಳಲ್ಲ, ಕೇಳೋದೇನದ?" ಎನ್ನುತ್ತದೆ. ಕಾಗೆ ಬಂದು ಕೇಳುತ್ತದೆ. ಅದಕ್ಕೂ ಅದೇ ಉತ್ತರ. ಗುಲಗಂಜಿ ಏಳಾಗುತ್ತವೆ. ಒಂಬತ್ತನೆಯ ಚೌಕದಲ್ಲಿ ಹೆಣ್ಣು ಗಿಳಿ ರೆಕ್ಕೆ ತೋಯಿಸಿಕೊಂಡು ತಡವಾಗಿ ಬರುತ್ತದೆ. ಹತ್ತನೆಯದರಲ್ಲಿ ಗಂಡು ಗಿಳಿ ಮೊದಲ ಸಲ ಅವಳ ಹಿಂದೆ ಹಾರುತ್ತದೆ.

"ಮುಂದ?" ಎಂದು ಯಮನಮ್ಮ ಕೇಳಿದಳು. ಪಂಪಣ್ಣನವರೂ ಅದನ್ನೇ ಕೇಳಬೇಕೆಂದಿದ್ದರು.

"ಹನ್ನೊಂದನೇ ಚೌಕ ಪೋಣಿಸಿದ ಮ್ಯಾಲ ಹೇಳ್ತೀನಿ ಅಂದಿದ್ರು. ಅಷ್ಟರಾಗ ಅವರಿಗಿ ಮೈಯಾಗ ಆರಾಮ ತಪ್ಪಿತು."

ಅಂದು ಮನೆಗೆ ಹೋದ ಪಂಪಣ್ಣನವರು ಕೈಕಾಲು ತೊಳೆದು ಪೂಜೆಗೆ ಕೂತರು. ಅಂಗೈಯ ಲಿಂಗಕ್ಕೆ ವಿಭೂತಿ ಹಚ್ಚುವಾಗ ಅವರ ಮನಸ್ಸು ನಿಲ್ಲಲಿಲ್ಲ. ಊಟಕ್ಕೆ ಕೂತಾಗ ಶೇಖಮ್ಮ ಎಷ್ಟೋ ಸಲ ಏನೋ ಹೇಳಲು ಬಾಯಿ ತೆರೆದಿದ್ದಳು. ತಾವು ರೊಟ್ಟಿ ಮುರಿಯುತ್ತ ಪರೀಕ್ಷೆಯ ಸುದ್ದಿ ಹೇಳಿದ್ದರು. ಅವಳು ಸುಮ್ಮನಾಗಿ ಪಲ್ಯ ಬಡಿಸಿದ್ದಳು. ಅವಳು ಬಿಟ್ಟುಹೋದ ಮಾತಿನಲ್ಲಿ ತಮಗೆ ಸಿಕ್ಕಿದ್ದು ಈ ಹತ್ತು ಚಿತ್ರ. ಅವು ಶಾಲೆಯ ಯಂತ್ರದ ಡಿಸ್ಕಿನಲ್ಲಿ ಭದ್ರವಾಗಿವೆ ಎಂಬ ಸಮಾಧಾನದಿಂದ ಅವರು ಆರು ತಿಂಗಳಲ್ಲಿ ಮೊದಲ ಸಲ ರಾತ್ರಿ ಎಚ್ಚರವಾಗದೆ ನಿದ್ರೆ ಮಾಡಿದರು.

ನವೆಂಬರ್ ಒಂದರ ರಾಜ್ಯೋತ್ಸವಕ್ಕೆ ಊರಿನವರ ಮುಂದೆ ಈ ಕಥೆ ತೋರಿಸಬೇಕೆಂದು ತಾಯಪ್ಪನವರು ಹೇಳಿದರು. ಲಿಂಗಸುಗೂರಿನಿಂದ ಸಾಹೇಬರೊಬ್ಬರನ್ನು ಕರೆಯುವುದಾಗಿಯೂ ಹೇಳಿದರು. ಆಮೇಲೆ ದಸರೆಯ ರಜೆ ಬಂತು.

ರಜೆಯ ಹಿಂದಿನ ದಿನ ಶಾಲೆಯಲ್ಲಿ ಆಯುಧಪೂಜೆ. ಗಂಟೆ, ಪ್ರಯೋಗಾಲಯದ ತಕ್ಕಡಿ, ತೋಟದ ಗುದ್ದಲಿ, ಹೆಡ್‌ಮಾಸ್ತರರ ಸೈಕಲ್ಲು ಎಲ್ಲಕ್ಕೂ ಪೂಜೆ. ಕಂಪ್ಯೂಟರಿನ ಕೋಣೆಯನ್ನು ಪಂಪಣ್ಣನವರೇ ಮುಂದೆ ನಿಂತು ಸಾರಿಸಿದರು. ಮೂಲೆಯಲ್ಲಿ, ಮೇಜಿನ ಕೆಳಗೆ ಬಿದ್ದಿದ್ದ ಕಾಗದಗಳನ್ನೆಲ್ಲ, "ಎಲ್ಲಾ ಪೆಟಿಗ್ಯಾಗ ಅದ, ಇನ್ನ ಇವು ಯಾಕ?" ಎಂದು ರದ್ದಿಗೆ ಹಾಕಿಸಿದರು. ಅದರಲ್ಲಿ ಶೇಖಮ್ಮನ ಹತ್ತು ಹಾಳೆಗಳೂ ಹೋದವು. ಹಸೀನಾಬೀ ಅವನ್ನು ಮೇಜಿನ ಕೆಳಗೆ ಇಟ್ಟು ಮರೆತಿದ್ದಳು. ಅದು ಆಮೇಲೆ ತಿಳಿದದ್ದು.

ಶಾಲೆಯ ಜವಾನ ಬಾಬುಸಾಬ ಚೆಂಡುಹೂವಿನ ಸರ ಕಟ್ಟಿಕೊಂಡು ಬಂದ. ಇಪ್ಪತ್ತು ವರ್ಷದಿಂದ ಶಾಲೆಯ ಪೂಜೆಯ ಸಿದ್ಧತೆಯೆಲ್ಲ ಅವನದೇ. ಪಂಪಣ್ಣನವರು ಯಂತ್ರಗಳ ನೆತ್ತಿಗೆ ಹೂವಿಟ್ಟರು. ಆಮೇಲೆ ಡಿಸ್ಕುಗಳನ್ನು ಹೊರಗೆ ತೆಗೆದರು. ಕಪ್ಪು ಲಕೋಟೆಯಂಥ ತೆಳು ತಟ್ಟೆಗಳು, ಎರಡು. ಲಕೋಟೆಯ ಮೇಲೆ ಉದ್ದನೆಯ ಒಂದು ಸೀಳು, ಅದರೊಳಗೆ ಮಿರುಗುವ ಕಂದು ಬಣ್ಣ. ಯಂತ್ರ ಓದುವುದು ಅಲ್ಲಿಂದಲೇ ಎಂದು ತರಬೇತಿಯಲ್ಲಿ ಹೇಳಿದ್ದರು. ಶೇಖಮ್ಮನ ಕಥೆ ಇರುವುದೂ ಅಲ್ಲಿಯೇ.

ಲಕೋಟೆಗೆ ಹಣೆ ಎಲ್ಲಿ ಎಂದು ಪಂಪಣ್ಣನವರು ಒಂದು ಗಳಿಗೆ ಯೋಚಿಸಿದರು. ಆಮೇಲೆ ನೀರಲ್ಲಿ ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿದರು.

"ಸರ್, ಅಲ್ಲಿ ಹಚ್ಚಬ್ಯಾಡ್ರಿ" ಎಂದ ಬಾಬುಸಾಬ. "ಅಲ್ಲಿ ಕೈಬಟ್ಟು ತಾಗಸಬಾರದು ಅಂತ ಹುಡುಗರಿಗಿ ನೀವ ಬೈತಿದ್ರಲ್ರಿ."

"ಬಟ್ಟು ಅಲ್ಲೋ ಮಾರಾಯ, ವಿಭೂತಿ."

"ಬಟ್ಟಿನ ಮ್ಯಾಲ ಅಲ್ರಿ ವಿಭೂತಿ ಇರೋದು?"

"ಶಿವನ ಪ್ರಸಾದದಿಂದ ಯಾವುದಕ್ಕರ ಕೆಟ್ಟದ್ದಾಗೇದೇನು? ಕಾಯಿ ಕೊಡು ಇತ್ತ."

ಸೀಳಿನ ಮೇಲೆ ಮೂರು ಬೆರಳನ್ನು ಭಕ್ತಿಯಿಂದ ಎಳೆದರು. ಒಂದಕ್ಕೆ ಹಚ್ಚಿ ಇನ್ನೊಂದಕ್ಕೆ ಬಿಟ್ಟರೆ ಸರಿಯಲ್ಲವೆಂದು ಎರಡನೆಯದಕ್ಕೂ ಹಚ್ಚಿದರು. ಕಣ್ಣು ಮುಚ್ಚಿ ಕೈ ಮುಗಿದರು. ಆ ದಿನ ಅವರು ದೇವರಲ್ಲಿ ಬೇಡಿದ್ದು ಒಂದೇ. ಹನ್ನೊಂದನೆಯ ಚಿತ್ರ ಏನೆಂದು ತಮಗೆ ಹೇಗಾದರೂ ತಿಳಿಯಲಿ.

ರಜೆ ಮುಗಿದು ಶಾಲೆ ತೆರೆದಾಗ ರಾಜ್ಯೋತ್ಸವಕ್ಕೆ ಐದು ದಿನ ಉಳಿದಿತ್ತು. ಮೊದಲ ಡಿಸ್ಕನ್ನು ಯಂತ್ರಕ್ಕೆ ಹಾಕಿದರು. ಯಂತ್ರ ಕರಕರ ಹಲ್ಲು ಕಡಿದಂತೆ ಸದ್ದು ಮಾಡಿ ನಿಂತಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ತಪ್ಪಾಗಿದೆಯೆಂಬ ಒಂದು ಸಾಲು ಮೂಡಿತು. ಎರಡನೆಯದಕ್ಕೂ ಅದೇ ಗತಿ. ಯಮನಮ್ಮ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದಳು. ಸೀಳಿನೊಳಗೆ ಬಿಳಿ ಪುಡಿ ಒಣಗಿ ಗಟ್ಟಿಯಾಗಿತ್ತು. ಯಂತ್ರ ತಿರುಗಿಸಿದ್ದರಿಂದ ಅದರ ಸುತ್ತ ಗೀರು ಬಿದ್ದಿತ್ತು.

"ಸರ್, ಇದಕ ಯಾರೋ ಬೂದಿ ಬಡದಾರ."

ಬಾಬುಸಾಬ ಬಾಗಿಲಲ್ಲಿ ನಿಂತಿದ್ದ. ಅವನು ಪಂಪಣ್ಣನವರ ಮುಖ ನೋಡಲಿಲ್ಲ, ಮೇಲೆ ಜಂತಿಯನ್ನು ನೋಡಿದ.

"ನಾನು" ಎಂದರು ಪಂಪಣ್ಣನವರು. "ನಾನ ಹಚ್ಚೀನಿ."

ಯಮನಮ್ಮ ನಾಲಿಗೆ ಕಚ್ಚಿಕೊಂಡಳು. ಹಸೀನಾಬೀ ಮೇಜಿನ ಕೆಳಗೆ ಬಗ್ಗಿ ಹಾಳೆಗಳನ್ನು ಹುಡುಕಿ, ಬರಿಗೈಯಲ್ಲಿ ಮೇಲೆದ್ದಳು. ಅವನ್ನೂ ತಾವೇ ರದ್ದಿಗೆ ಕಳಿಸಿದ್ದು ಪಂಪಣ್ಣನವರಿಗೆ ಆಗ ಹೊಳೆಯಿತು. ಅವರು ಬೆಂಚಿನ ಮೇಲೆ ಕೂತರು. ಸುದ್ದಿ ತಿಳಿದು ಬಂದ ತಾಯಪ್ಪನವರು ಏನೋ ಹೇಳಲು ಹೊರಟವರು, ಪಂಪಣ್ಣನವರನ್ನು ನೋಡಿ ಮಾತು ಬದಲಿಸಿ, "ನನ್ನ ಅಲಮಾರಿಯೊಳಗ ಸೀಲ್ ಒಡೀಲಾರದ ಡಿಸ್ಕ್ ಇನ್ನೊಂದು ಐತಿ, ಬೇಕಾದ್ರ ತಗೋರಿ" ಎಂದು ಹೋದರು.

"ಡಿಸ್ಕ್ ಇದ್ರೇನು, ಚಿತ್ರ ಎಲ್ಲೈತಿ?" ಎಂದರು ಪಂಪಣ್ಣನವರು, ಯಾರಿಗೂ ಅಲ್ಲ. "ಹಸೀನಾ, ನಿನಗ ಎಣಿಕಿ ನೆನಪದಾವೇನು?"

"ಒಂದೆರಡು ಇರಬೌದ್ರಿ. ಎಲ್ಲಾ ಇಲ್ಲ." ಅವಳೇ ಮುಂದೆ ಹೇಳಿದಳು: "ತೋರಣ ಐತಲ್ರಿ ಸರ್, ನಿಮ್ಮ ಮನ್ಯಾಗ. ಅಮ್ಮಾರು ಹಾಕಿದ್ದು. ಅದರಾಗ ಎಲ್ಲಾ ಅದಾವ. ಅದನ್ನ ನೋಡಿ ಎಣಿಸಿದ್ರ ಆತು."

ತೋರಣ ಶೇಖಮ್ಮನ ಟ್ರಂಕಿನಲ್ಲಿತ್ತು. ಟ್ರಂಕಿನ ಕೀಲಿ ದೇವರ ಜಗಲಿಯ ಮೇಲೆ ಗಂಟೆಯ ಹಿಂದೆ ಇತ್ತು. ಅವಳು ಹೋದ ದಿನ ಯಾರೋ ಅವಳ ಸೆರಗಿನಿಂದ ಬಿಚ್ಚಿ ಅಲ್ಲಿಟ್ಟಿದ್ದರು. ದಿನಾ ಎರಡು ಹೊತ್ತು ಪೂಜೆಗೆ ಗಂಟೆ ಎತ್ತಿದಾಗ ಕೀಲಿ ಕಾಣುತ್ತಿತ್ತು. ಪಂಪಣ್ಣನವರು ಗಂಟೆ ಬಾರಿಸಿ ಅದರ ಮುಂದೆಯೇ ಇಡುತ್ತಿದ್ದರು. ಏಳು ತಿಂಗಳಲ್ಲಿ ಒಮ್ಮೆಯೂ ಅದನ್ನು ಮುಟ್ಟಿರಲಿಲ್ಲ.

ಸಂಜೆ ಇಬ್ಬರು ಹುಡುಗಿಯರು ಮನೆಗೆ ಬಂದರು. ಪಂಪಣ್ಣನವರು ಟ್ರಂಕಿನ ಮುಂದೆ ಕೂತು ಕೀಲಿ ಹಾಕಿದರು. ಕೀಲಿ ತಿರುಗಲಿಲ್ಲ. ಹಸೀನಾಬೀ, "ಅಮ್ಮಾರು ಮುಚ್ಚಳ ಒಂದೀಟು ಒತ್ತಿ ಹಿಡದು ತೆಗೀತಿದ್ರು" ಎಂದು ಮುಚ್ಚಳ ಒತ್ತಿದಳು. ತೆರೆಯಿತು. ಮೇಲೆ ಇಳಕಲ್ ಸೀರೆ, ಅದರ ಕೆಳಗೆ ಹಳೆಯ ಧೋತರದಲ್ಲಿ ಸುತ್ತಿದ ತೋರಣ. ಧೋತರ ಪಂಪಣ್ಣನವರದೇ. ಹರಿದಿದೆಯೆಂದು ಅವರು ಎಂದೋ ಎಸೆದದ್ದು.

ತೋರಣವನ್ನು ಚಾಪೆಯ ಮೇಲೆ ಹಾಸಿದರು. ಒಂದರ ಪಕ್ಕ ಒಂದು ಹತ್ತು ಚೌಕ, ಹಸಿರು ಗಿಳಿ, ಕೆಂಪು ಗುಲಗಂಜಿ, ಕಂದು ಮಣಿಯ ಅಳಿಲು. ಯಂತ್ರದಲ್ಲಿ ನೋಡಿದ್ದಕ್ಕಿಂತ ಇದು ತಣ್ಣಗೆ, ತೂಕವಾಗಿತ್ತು. ಕೊನೆಯಲ್ಲಿ ಹನ್ನೊಂದನೆಯ ಚೌಕ. ಅದರಲ್ಲಿ ಎರಡೇ ಸಾಲು. ಎರಡೂ ಸಾಲು ನೀಲಿ. ಅದರ ಕೆಳಗೆ ಬರಿಯ ದಾರ ಇಳಿಬಿದ್ದಿತ್ತು. ದಾರದ ತುದಿಯಲ್ಲಿ ಸೂಜಿ ಇನ್ನೂ ಇತ್ತು.

"ಎಲ್ಲಾ ಚೌಕಕ್ಕೂ ಮ್ಯಾಲ ಬಿಳಿ, ಇದಕ್ಕ ನೀಲಿ" ಎಂದಳು ಯಮನಮ್ಮ. "ಇದು ಹೊಳಿನೇ ಇರಬೇಕು. ಗಿಳಿ ರೆಕ್ಕಿ ತೊಯ್ದಿತ್ತಲ್ಲ."

"ಹೊಳಿ ಅಲ್ಲಬೇ" ಎಂದಳು ಹಸೀನಾಬೀ. "ಬಿಳಿ ಮಣಿ ತೀರಿದ್ವು. ಸರ್ ಸಿಂಧನೂರಿಗಿ ಹೋದಾಗ ತರ್ತಾರ ಅಂತ ಕಾದ್ರು. ಎರಡು ವಾರ, ಮೂರು ವಾರ ಕಾದ್ರು. ಆಮ್ಯಾಲ, ಕೈ ಸುಮ್ಮನ ಇರಂಗಿಲ್ಲ, ಸದ್ಯಕ್ಕ ನೀಲಿ ಹಾಕತೀನಿ, ಬಿಳಿ ಬಂದಮ್ಯಾಲ ಬಿಚ್ಚಿ ಹಾಕಿದ್ರಾತು ಅಂದ್ರು."

ಹುಡುಗಿ ಅದನ್ನು ದೂರಾಗಿ ಹೇಳಲಿಲ್ಲ. ಆದದ್ದನ್ನು ಹೇಳಿದಳು, ಅಷ್ಟೇ. ಪಂಪಣ್ಣನವರಿಗೆ ಎಲ್ಲ ನೆನಪಾಯಿತು. ಬಸ್ಸಿಗೆ ಹೊರಟಾಗ ಶೇಖಮ್ಮ ಬಾಗಿಲವರೆಗೆ ಬಂದು, "ರೀ, ಬಿಳಿ ಮಣಿ ಒಂದು ಕಟ್ಟು ತರ್ತೀರೇನು?" ಎಂದಿದ್ದಳು. ಮೊದಲ ಸಲ ಮರೆತರು. ಎರಡನೆಯ ಸಲ ಬಸ್ಸು ಹೊರಡುತ್ತಿತ್ತು. ಮೂರನೆಯ ಸಲ ಬಳೆಯಂಗಡಿಯ ಮುಂದೆಯೇ ಹಾದುಹೋದರು. ಅಲ್ಲಿ ಹೆಂಗಸರ ಗುಂಪಿತ್ತು. ಧೋತರ ಉಟ್ಟ ಮಾಸ್ತರ ಅದರ ನಡುವೆ ನಿಂತು ಮಣಿ ಕೇಳುವುದು ಹೇಗೆಂದು ಮುಂದೆ ನಡೆದಿದ್ದರು. ಮನೆಗೆ ಬಂದು, "ಸಿಗಲಿಲ್ಲ" ಎಂದಿದ್ದರು. ಅವಳು "ಆಗ್ಲಿ ಬಿಡ್ರಿ" ಎಂದಿದ್ದಳು.

ಅವರು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು.

"ಎಣಿಸ್ರಿ" ಎಂದರು. "ಇವತ್ತು ಎರಡು ಚೌಕ ಬರಕೊಳ್ರಿ."

ಮೂರು ಸಂಜೆಗಳಲ್ಲಿ ಹತ್ತು ಚೌಕ ಎಣಿಸಿದರು. ಒಂದು ಚೌಕಕ್ಕೆ ನಾನೂರು ಮಣಿ. ಹಸೀನಾಬೀ ಬೆರಳಿಟ್ಟು ಹೇಳುವಳು, ಯಮನಮ್ಮ ಬರೆಯುವಳು. ಅವರು ದಣಿದಾಗ ಪಂಪಣ್ಣನವರೇ ಬೆರಳಿಟ್ಟು ಎಣಿಸಿದರು. ಮುಂಜಾನೆ ಶಾಲೆಯಲ್ಲಿ ತಾಯಪ್ಪನವರ ಹೊಸ ಡಿಸ್ಕು ಹಾಕಿ, ಹದಿನೇಳನೆಯ ಹಾಳೆಯ ಪ್ರೋಗ್ರಾಂ ಮತ್ತೆ ಟೈಪ್ ಮಾಡಿ, ಅಂಕಿಗಳನ್ನು ಎರಡನೆಯ ಯಂತ್ರಕ್ಕೆ ಒತ್ತಿದರು. ವಿಭೂತಿಯ ಡಿಸ್ಕು ಹಾಕದೆ ಇದ್ದುದರಿಂದ ಅದು ಉಳಿದುಕೊಂಡಿತ್ತು. ಹತ್ತೂ ಮುಗಿದ ಮೇಲೆ ಯಮನಮ್ಮ, "ಹನ್ನೊಂದನೇದು ಬಿಡೂನೇನ್ರಿ ಸರ್? ಮಂದಿ ನಗ್ತಾರ" ಎಂದಳು.

"ಬಿಡಬ್ಯಾಡ. ಎರಡು ಸಾಲು ನೀಲಿ ಹಾಕು. ಉಳಿದದ್ದು ಸೊನ್ನಿ."

ರಾಜ್ಯೋತ್ಸವದ ದಿನ ಧ್ವಜ ಏರಿಸಿ ಭಾಷಣ ಮುಗಿದ ಮೇಲೆ ಜನ ದೊಡ್ಡ ಕೋಣೆಯಲ್ಲಿ ಕೂತರು. ಲಿಂಗಸುಗೂರಿನ ಸಾಹೇಬರು ಬರಲಿಲ್ಲ. ಇಸ್ಮಾಯಿಲ್‌ಸಾಬ ಕೈಯ ಗ್ರೀಸು ಒರೆಸಿಕೊಳ್ಳುತ್ತ ಬಂದು ಗೋಡೆಗೆ ಆತು ನಿಂತ. ಹಸೀನಾಬೀ ಯಂತ್ರದ ಪಕ್ಕದಲ್ಲಿ ನಿಂತು ಕಥೆ ಹೇಳಿದಳು. ಅಳಿಲು ಬಂದಾಗ ಹೆಂಗಸರು ನಕ್ಕರು. "ತಿರುಗಿ ಬರ್ತಾಳಲ್ಲ, ಕೇಳೋದೇನದ?" ಎಂಬ ಮಾತಿಗೆ ಹಿಂದಿನಿಂದ ಒಬ್ಬ ಮುದುಕಿ, "ನಮ್ಮನಿಯವ್ರದೂ ಇದ ಮಾತು" ಎಂದಳು. ಕೋಣೆಯೆಲ್ಲ ನಕ್ಕಿತು. ಹತ್ತನೆಯ ಚಿತ್ರದಲ್ಲಿ ಗಂಡು ಗಿಳಿ ಹಿಂದೆ ಹಾರಿತು. ಯಮನಮ್ಮ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲ್ಗಡೆ ಎರಡು ನೀಲಿ ಸಾಲು ಮೂಡಿ ನಿಂತವು.

"ಕಥಿ ಇಲ್ಲಿಗಿ ನಿಂತೈತಿ" ಎಂದಳು ಹಸೀನಾಬೀ.

"ನಿಲ್ಲೋದಂದ್ರ? ಆಕಿ ಎಲ್ಲಿಗಿ ಹೋಗತಿದ್ಲು?" ಎಂದು ಅದೇ ಮುದುಕಿ ಕೇಳಿದಳು.

ಹುಡುಗಿ ಪಂಪಣ್ಣನವರ ಕಡೆ ನೋಡಿದಳು. ಅವರು ಎದ್ದು ನಿಂತರು. ನಲವತ್ತು ನಿಮಿಷದ ಪಾಠವನ್ನು ಪುಸ್ತಕ ನೋಡದೆ ಮಾಡುವವರಿಗೆ ನಾಲ್ಕು ಮಾತು ಕೂಡಿಸಲು ಹೊತ್ತು ಹಿಡಿಯಿತು.

"ಇದು ನನ್ನ ಮನಿಯವಳು ಹೇಳತಿದ್ದ ಕಥಿ. ಆಕಿಗಿ ಬಿಳಿ ಮಣಿ ಬೇಕಿತ್ತು. ಮೂರು ಸಲ ನನಗ ಹೇಳಿದ್ಲು. ನಾ ತರಲಿಲ್ಲ. ಸಿಗಲಿಲ್ಲಂತ ಸುಳ್ಳು ಹೇಳಿದೆ. ಅದಕ್ಕ ಕಥಿ ನಿಂತದ."

ಕೂತರು. ತಾಯಪ್ಪನವರು ಕೆಮ್ಮಿ, ಮಕ್ಕಳಿಗೆ ಬೂಂದಿ ಹಂಚಲು ಬಾಬುಸಾಬನಿಗೆ ಕೈ ಮಾಡಿದರು.

ಮುಂದಿನ ಭಾನುವಾರ ಪಂಪಣ್ಣನವರು ಪೂಜೆ ಮುಗಿಸಿ ಸಿಂಧನೂರಿನ ಬಸ್ಸು ಹತ್ತಿದರು. ಬಳೆಯಂಗಡಿಯ ಮುಂದೆ ಅಂದೂ ಹೆಂಗಸರಿದ್ದರು. ಅವರು ಗುಂಪಿನ ನಡುವೆ ನಿಂತು ತಮ್ಮ ಸರದಿಗೆ ಕಾದರು. ಅಂಗಡಿಯ ಜೈನಾಬೀ, "ಏನ್ ಕೊಡ್ಲಿ ಅಪ್ಪಾರ?" ಎಂದಳು.

"ಬಿಳಿ ಮಣಿ. ಒಂದು ಕಟ್ಟು."

"ಸಣ್ಣವೋ ದೊಡ್ಡವೋ?"

ಅದು ಅವರಿಗೆ ಗೊತ್ತಿರಲಿಲ್ಲ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಟ್ರಂಕಿನ ತಳದಲ್ಲಿ ಸಿಕ್ಕ ಒಂದು ನೀಲಿ ಮಣಿ ಅದರಲ್ಲಿತ್ತು. ಜೈನಾಬೀ ಅದನ್ನು ಅಂಗೈಯಲ್ಲಿಟ್ಟು ನೋಡಿ, ಅದೇ ಅಳತೆಯ ಬಿಳಿ ಮಣಿಯ ಕಟ್ಟು ತೆಗೆದುಕೊಟ್ಟಳು.

ಮಧ್ಯಾಹ್ನ ಹಸೀನಾಬೀಯನ್ನು ಕರೆಸಿ ತೋರಣವನ್ನೂ ಕಟ್ಟನ್ನೂ ಮುಂದಿಟ್ಟರು. ಅವಳು ಪಡಸಾಲೆಯಲ್ಲಿ ಶೇಖಮ್ಮ ಕೂಡುತ್ತಿದ್ದ ಕಂಬದ ಎದುರಿಗೆ, ಮೊದಲು ತಾನು ಕೂಡುತ್ತಿದ್ದ ಜಾಗದಲ್ಲೇ ಕೂತು ಸೂಜಿ ಹಿಡಿದಳು.

"ಸರ್, ನೀಲಿ ಎರಡು ಸಾಲು ಬಿಚ್ಚಲೇನ್ರಿ?"

ಪಂಪಣ್ಣನವರು ಆ ನಲವತ್ತು ಮಣಿಗಳನ್ನು ನೋಡಿದರು. ಶೇಖಮ್ಮ ಕಾಯುತ್ತ ಪೋಣಿಸಿದವು ಅವು.

"ಬ್ಯಾಡ. ಅವು ಇರಲಿ. ಅದರ ಕೆಳಗ ಬಿಳಿ ಹಾಕು."

"ಮುಂದಿಂದು ಏನ್ ಹಾಕಲ್ರಿ? ಅಮ್ಮಾರು ನನಗ ಹೇಳಿಲ್ಲ."

"ನಿನಗ ತಿಳಿದದ್ದು ಹಾಕು. ನೀನ ಅಲಾ ಆಕಿ ಹತ್ರ ಕುಂತು ಕೇಳಿದಾಕಿ."

ಹುಡುಗಿ ಬಿಳಿ ಮಣಿಯೊಂದನ್ನು ಸೂಜಿಗೆ ಏರಿಸಿದಳು. ಆಮೇಲೆ ಇನ್ನೊಂದು. ಪಂಪಣ್ಣನವರು ಚಾಪೆಯ ಅಂಚಿಗೆ ಕೂತರು.

"ಹಸೀನಾ, ಆ ಗಿಳಿ ಎಲ್ಲಿಗಿ ಹೋಗತಿತ್ತವ್ವ?"

ಅವಳು ತಲೆ ಎತ್ತಲಿಲ್ಲ. ತುಟಿಯಲ್ಲೇ ಎಣಿಸುತ್ತಿದ್ದಳು.

"ಚೌಕ ಮುಗೀಲ್ರಿ ಸರ್, ಹೇಳ್ತೀನಿ."

"ಆತು" ಎಂದರು ಪಂಪಣ್ಣನವರು. ಮಣಿಯ ತಟ್ಟೆಯನ್ನು ಅವಳ ಕೈಗೆ ಎಟುಕುವಂತೆ ಹತ್ತಿರ ಸರಿಸಿದರು.